ಓದುಗರ ಪ್ರಶ್ನೆ: ರಿಮ್ಯಾಂಡ್ ಹೋಮಿಗೆ ಹೋದ ಹುಡುಗನಿಗೆ ಯಾರಿದ್ದಾರೆ?

ಹೋದ ಸಂಚಿಕೆಯಲ್ಲಿ ಹದಿಹರೆಯದ ಹುಡುಗರು ಪೊಲೀಸ್ ಕೇಸಿಗೆ ಸಿಕ್ಕಿಕೊಳ್ಳುವ ಬಗ್ಗೆ ಎರಡು ಪ್ಯಾರಾ ಬರೆದಿದ್ದೆ, ಅಷ್ಟೇ. ಅದಕ್ಕೆ ಬಂದ ಪತ್ರ, ವಾಟ್ಸಾಪ್ ಮೆಸೇಜು ನೋಡಿ ಈ ಸಲ ಆಸ್ತಿ ಪಾಲು, ತೋಟದ ಬೇಲಿ ಜಗಳ ಎಲ್ಲವನ್ನೂ ಪಕ್ಕಕ್ಕಿಟ್ಟಿದ್ದೇನೆ. ಯಾರ ಗುರುತೂ ಸಿಗದ ಹಾಗೆ ಪತ್ರಗಳನ್ನು ಅಲ್ಲಲ್ಲಿ ಬದಲಾಯಿಸಿದ್ದೇನೆ. ಯಾಕೆ ಅಂತ ಕೆಳಗೆ ಗೊತ್ತಾಗುತ್ತದೆ.

ಪ್ರಶ್ನೆ: ಅಕ್ಕಾ, ನಮ್ಮ ಲೈನ್ ಮನೆಯ (ತೋಟದ ಕೆಲಸದವರ ಸಾಲು ಮನೆ) ಹುಡುಗ, 15 ವರ್ಷ. ಇಬ್ಬರು ದೊಡ್ಡವರ ಜೊತೆ ಸೇರಿ ಕಣದಲ್ಲಿ ಒಣಗಲು ಹಾಕಿದ್ದ ಕರಿಮೆಣಸನ್ನು ರಾತ್ರಿ ಚೀಲಕ್ಕೆ ತುಂಬಿ ಸಾಗಿಸಿದ. ದೂರು ಕೊಟ್ಟೆ. ಈಗ ಅವನು ರಿಮ್ಯಾಂಡ್ ಹೋಮಿನಲ್ಲಿದ್ದಾನೆ. ಮನೆ ಕೊಟ್ಟಿದ್ದೇವೆ, ಕೆಲಸ ಕೊಟ್ಟಿದ್ದೇವೆ, ಹುತ್ತರಿಗೆ ಬಟ್ಟೆಯನ್ನೂ ಕೊಡುತ್ತೇವೆ. ಇನ್ನೇನು ಕಡಿಮೆಯಾಗಿತ್ತು ಅವನಿಗೆ? ಇಂಥ ಹುಡುಗರು ಎಲ್ಲಿಂದ ಹೀಗಾಗುತ್ತಾರೆ?
(ಬೆಳೆಗಾರರು, ಸಿದ್ದಾಪುರ ಕಡೆ)

ಉತ್ತರ: ಅಣ್ಣಾ, ವರ್ಷದ ಬೆಳೆ ಕಣದಿಂದಲೇ ಹೋದರೆ ಹೊಟ್ಟೆ ಉರಿಯುತ್ತದೆ. ದೂರು ಕೊಟ್ಟದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ‘ಏನು ಕಡಿಮೆಯಾಗಿತ್ತು’ ಅಂತ ಕೇಳಿದಿರಲ್ಲ, ಅದಕ್ಕೆ ಉತ್ತರ ನಿಮ್ಮ ತೋಟದಲ್ಲೇ ಇದೆ. ಹುಡುಗ ಶಾಲೆ ಬಿಟ್ಟದ್ದು ಯಾವಾಗ? ಬಿಟ್ಟಾಗ ಯಾರಾದರೂ ಹೋಗಿ ಕೇಳಿದರಾ? ಅಪ್ಪ ಇದ್ದಾನಾ, ಇದ್ದರೆ ಸಂಜೆ ಏಳರ ಮೇಲೆ ಮಗನ ಜೊತೆ ಮಾತಾಡುವ ಸ್ಥಿತಿಯಲ್ಲಿ ಇರುತ್ತಾನಾ? ಆ ಇಬ್ಬರು ದೊಡ್ಡವರು ಇವನಿಗೆ ಎಷ್ಟು ದಿನದಿಂದ ಪರಿಚಯ, ಇವನಿಗೆ ಮೊದಲ ಸಲ ಕುಡಿಸಿದವರು ಯಾರು?

ಎಲ್ಲಾ ಹುಡುಗರ ಕಥೆಯೂ ಒಂದೇ ತರ ಇರುವುದಿಲ್ಲ. ಆದರೂ ಈ ಮಕ್ಕಳ ಕೇಸುಗಳ ಜೊತೆ ಓಡಾಡಿದ ನನಗೆ ಕೆಲವು ಸಂಗತಿ ಮತ್ತೆ ಮತ್ತೆ ಕಂಡಿವೆ. ಬುಡಕಟ್ಟು ಮಕ್ಕಳ ಆಶ್ರಮ ಶಾಲೆಯಲ್ಲಿ ಇದ್ದಷ್ಟು ದಿನ ಹೇಗೋ ಓದುತ್ತಾರೆ, ಅಲ್ಲಿಂದ ಹೈಸ್ಕೂಲು, ಹಾಸ್ಟೆಲು ಅನ್ನುವ ಹೊತ್ತಿಗೆ ಬಿಡುತ್ತಾರೆ. ಮನೆಯಲ್ಲಿ ಯರವ ಮಾತು, ಇಲ್ಲವೇ ಜೇನು ಕುರುಬರ ಮಾತು, ಶಾಲೆಯಲ್ಲಿ ಕನ್ನಡ. ಮೊದಲ ವರ್ಷಗಳಲ್ಲಿ ಟೀಚರ್ ಹೇಳಿದ್ದು ಅರ್ಧವೂ ತಲೆಗೆ ಹೋಗಿರುವುದಿಲ್ಲ, ಆಮೇಲೆ ದಡ್ಡ ಅನ್ನುವ ಹೆಸರು ಅಂಟಿಕೊಳ್ಳುತ್ತದೆ. ಕಾಫಿ ಕೊಯ್ಲು ಶುರುವಾದರೆ ಮನೆಯವರೆಲ್ಲ ತೋಟದಲ್ಲಿ, ಚಿಕ್ಕ ತಂಗಿಯನ್ನು ನೋಡಿಕೊಳ್ಳಲು ಇವನು ಲೈನಿನಲ್ಲಿ. ಅಸ್ಸಾಮು, ಬಂಗಾಳದ ಕಡೆಯಿಂದ ಬಂದವರ ಮಕ್ಕಳಿಗೆ ಇಷ್ಟೂ ಇಲ್ಲ, ಒಂದು ತೋಟದಿಂದ ಇನ್ನೊಂದು ತೋಟಕ್ಕೆ ಹೋಗುವಾಗ ಶಾಲೆ ಅನ್ನುವುದು ಎಲ್ಲೋ ಹಿಂದೆ ಉಳಿದಿರುತ್ತದೆ. ಇದರ ಮೇಲೆ ಮನೆಯೊಳಗಿನ ಹೊಡೆತ. ಕುಡಿತ ಬರೀ ಲೈನ್ ಮನೆಯದು ಅಂತ ದಯವಿಟ್ಟು ಹೇಳಬೇಡಿ, ನಮ್ಮ ದೊಡ್ಡ ಮನೆಗಳಲ್ಲಿ ಎಷ್ಟಿದೆ ಅಂತ ನಮಗೇ ಗೊತ್ತು.

ಇದು ಬರೀ ನಮ್ಮ ಕಡೆಯ ಮಾತಲ್ಲ. ಅಮೆರಿಕದ ಫ್ಲೋರಿಡಾದಲ್ಲಿ ಕೇಸಿಗೆ ಸಿಕ್ಕ 64,329 ಮಕ್ಕಳ ದಾಖಲೆ ತೆಗೆದು ಒಂದು ಅಧ್ಯಯನ ಮಾಡಿದ್ದರು, 2014ರಲ್ಲಿ ಪ್ರಕಟವಾಯಿತು. ಹೊಡೆತ, ಲೈಂಗಿಕ ದೌರ್ಜನ್ಯ, ಮನೆಯಲ್ಲಿ ನಶೆ, ಜೈಲಿಗೆ ಹೋದವರು, ಬೇರೆಯಾದ ಅಪ್ಪ ಅಮ್ಮ, ಹೀಗೆ ಹತ್ತು ಕಷ್ಟಗಳ ಪಟ್ಟಿ. ಅದರಲ್ಲಿ ಒಂದನ್ನೂ ಕಾಣದ ಮಕ್ಕಳು ನೂರಕ್ಕೆ ಮೂವರೂ ಇರಲಿಲ್ಲ. ಇನ್ನೊಂದು ಪಶ್ಚಿಮ ಆಸ್ಟ್ರೇಲಿಯಾದ್ದು. ಅಲ್ಲಿನ ಬ್ಯಾಂಕ್ಸಿಯಾ ಹಿಲ್ ಅನ್ನುವ ಬಂಧನ ಕೇಂದ್ರದಲ್ಲಿ 99 ಮಕ್ಕಳನ್ನು ಡಾಕ್ಟರುಗಳು ಕೂಲಂಕಷವಾಗಿ ಪರೀಕ್ಷೆ ಮಾಡಿದರು. 36 ಮಕ್ಕಳಿಗೆ ತಾಯಿ ಗರ್ಭಿಣಿಯಾಗಿದ್ದಾಗ ಕುಡಿದದ್ದರಿಂದ ಮೆದುಳಿಗೆ ಆದ ಹಾನಿ ಕಂಡಿತು. ಒಟ್ಟು ನೂರಕ್ಕೆ 89 ಮಕ್ಕಳಿಗೆ ನೆನಪು, ಗಮನ, ಭಾಷೆ, ಯೋಚಿಸಿ ಕೆಲಸ ಮಾಡುವ ಶಕ್ತಿ ಇಂಥದ್ದರಲ್ಲಿ ಒಂದಾದರೂ ತೀವ್ರವಾಗಿ ಕುಂಠಿತವಾಗಿತ್ತು. 2018ರಲ್ಲಿ ಈ ವರದಿ ಬಂತು. ಹೆಚ್ಚಿನ ಮಕ್ಕಳಿಗೆ ಅಲ್ಲಿಯವರೆಗೆ ಯಾರೂ ಇದನ್ನು ಪತ್ತೆ ಮಾಡಿರಲಿಲ್ಲ. ಅಂದರೆ ಶಾಲೆಯಲ್ಲಿ ‘ಹೇಳಿದ್ದು ಕೇಳಲ್ಲ’, ಠಾಣೆಯಲ್ಲಿ ‘ಉದ್ಧಟ’, ಕೋರ್ಟಿನಲ್ಲಿ ‘ಸುಧಾರಿಸಲ್ಲ’ ಅಂತ ಬೈಸಿಕೊಂಡ ಹುಡುಗನಿಗೆ ನಿಜವಾಗಿ ಹೇಳಿದ್ದು ಅರ್ಥವೇ ಆಗಿರಲಿಲ್ಲ. ಆ ಅಂಕಿಗಳನ್ನು ತಂದು ಇಲ್ಲಿನ ಮಕ್ಕಳ ಹಣೆಗೆ ಅಂಟಿಸುವುದು ಬೇಡ. ಆದರೆ ನಿಮ್ಮ ಹುಡುಗನ ಕಿವಿ, ಕಣ್ಣು, ಓದುವ ಶಕ್ತಿ ಸರಿ ಇದೆಯಾ ಅಂತ ಒಬ್ಬರಾದರೂ ನೋಡಿದ್ದಾರಾ? ಅದನ್ನು ಕೇಳಬಹುದು ಅಲ್ವಾ.

ಇನ್ನು ಆ ಇಬ್ಬರು ದೊಡ್ಡವರು. 2015ರ ಬಾಲ ನ್ಯಾಯ ಕಾಯ್ದೆಯ 83ನೇ ಸೆಕ್ಷನ್ ಪ್ರಕಾರ ಮಗುವನ್ನು ಕಾನೂನುಬಾಹಿರ ಕೆಲಸಕ್ಕೆ ಬಳಸಿಕೊಂಡ ವಯಸ್ಕರಿಗೆ 7 ವರ್ಷದವರೆಗೆ ಕಠಿಣ ಸಜೆ, 5 ಲಕ್ಷ ದಂಡ. ಮಗುವಿಗೆ ಹೆಂಡ ಅಥವಾ ಗಾಂಜಾ ಕೊಟ್ಟರೆ 77ನೇ ಸೆಕ್ಷನ್, ಅದಕ್ಕೂ 7 ವರ್ಷದವರೆಗೆ. ಬಹಳ ಕೇಸುಗಳಲ್ಲಿ ಈ ಎರಡು ಸೆಕ್ಷನ್ ಹಾಕಿಸುವ ಗೋಜಿಗೆ ಯಾರೂ ಹೋಗುವುದಿಲ್ಲ, ಹುಡುಗ ಕೈಗೆ ಸಿಕ್ಕಿದ, ಮುಗಿಯಿತು. ದೂರು ಕೊಟ್ಟವರು ನೀವು, ನೀವೇ ಕೇಳಿ.

ಒಂದು ಮಾತು ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇದೇ ಕೆಲಸವನ್ನು ನಿಮ್ಮ ಅಕ್ಕನ ಮಗ ಮಾಡಿದ್ದರೆ ಅದು ಠಾಣೆಗೇ ಹೋಗುತ್ತಿರಲಿಲ್ಲ. ಹೋಗಿದ್ದರೂ ಅವನು ಅಂದೇ ಸಂಜೆ ಮನೆಗೆ ಬರುತ್ತಿದ್ದ. ರಿಮ್ಯಾಂಡ್ ಹೋಮಿನಲ್ಲಿ ಉಳಿಯುವವರು ಜಾಸ್ತಿ ತಪ್ಪು ಮಾಡಿದವರು ಅಂದುಕೊಂಡಿದ್ದೇವೆ. ನಾನು ಕಂಡ ಮಟ್ಟಿಗೆ ಅಲ್ಲಿ ಉಳಿಯುವವರು ಹೋಗಿ ಕರೆತರಲು ಯಾರೂ ಇಲ್ಲದವರು. ಮಕ್ಕಳ ಕೇಸು ನೋಡುವ ಬಾಲ ನ್ಯಾಯ ಮಂಡಳಿ ಕೇಳಿದಾಗ ಪರಿವೀಕ್ಷಣಾಧಿಕಾರಿ, ಅಂದರೆ ಪ್ರೊಬೇಶನ್ ಆಫೀಸರ್, ಹುಡುಗನ ಮನೆ, ಶಾಲೆ, ಸಹವಾಸ ಎಲ್ಲಾ ವಿಚಾರಿಸಿ ಎರಡು ವಾರದೊಳಗೆ ಸಾಮಾಜಿಕ ತನಿಖಾ ವರದಿ ಕೊಡಬೇಕು. ಅವರು ತೋಟಕ್ಕೆ ಬಂದಾಗ ರೈಟರ್ (ತೋಟದ ಗುಮಾಸ್ತ) ಹತ್ತಿರ ಕಳಿಸಿ ಕೈ ತೊಳೆದುಕೊಳ್ಳಬೇಡಿ. ಕೂರಿಸಿ ಮಾತಾಡಿ. ಬಿಡುಗಡೆಯಾದ ಮೇಲೆ ಅವನ ಕುಟುಂಬ ನಮ್ಮ ಲೈನಿನಲ್ಲೇ ಇರುತ್ತದೆ, ಹೊರಗೆ ಹಾಕುವುದಿಲ್ಲ ಅಂತ ಹೇಳಿ. ವರದಿಯಲ್ಲಿ ಆ ಒಂದು ಸಾಲು ಬಂದರೆ ಹುಡುಗನಿಗೆ ಎಷ್ಟು ಸಹಾಯ ಅನ್ನುವುದು ನಿಮಗೆ ಅಂದಾಜಿಲ್ಲ.

ಪ್ರಶ್ನೆ: ಮೇಡಂ, ನನ್ನ ತಮ್ಮನ ಮಗನನ್ನು ಬೈಕ್ ಕದ್ದ ಅಂತ ಹಿಡಿದು ಹೊರ ಜಿಲ್ಲೆಯ ವೀಕ್ಷಣಾಲಯದಲ್ಲಿ (ರಿಮ್ಯಾಂಡ್ ಹೋಮ್) ಇಟ್ಟಿದ್ದಾರೆ. ತಮ್ಮ ತೀರಿಕೊಂಡಿದ್ದಾನೆ, ಅವನ ಹೆಂಡತಿ ಕೇರಳಕ್ಕೆ ಶುಂಠಿ ಕೆಲಸಕ್ಕೆ ಹೋದವಳು ಬಂದಿಲ್ಲ. ಜಾಮೀನು ಆಗಿದೆ ಅಂತಾರೆ, ಆದರೆ ಪಹಣಿ ಇರುವವರು ಸಹಿ ಹಾಕಬೇಕಂತೆ. ನಮಗೆ ಎಲ್ಲಿಯ ಪಹಣಿ? ವಕೀಲರಿಗೆ ದುಡ್ಡೂ ಇಲ್ಲ. ಅವನ ಹುಟ್ಟಿದ ದಿನದ ಕಾಗದವೂ ಇಲ್ಲ.
(ಪೊನ್ನಂಪೇಟೆ ತಾಲೂಕಿನಿಂದ, ಪಕ್ಕದ ಮನೆಯ ಅಂಗನವಾಡಿ ಟೀಚರ್ ಕೈಯಲ್ಲಿ ಬರೆಸಿದ್ದು)

ಉತ್ತರ: ಅಮ್ಮಾ, ಪಹಣಿ ಇಲ್ಲದಿದ್ದರೆ ಮಗು ಒಳಗೇ ಇರಬೇಕು ಅಂತ ಕಾನೂನು ಹೇಳುವುದಿಲ್ಲ. ಬಾಲ ನ್ಯಾಯ ಕಾಯ್ದೆಯ 12ನೇ ಸೆಕ್ಷನ್ ಓದಿದರೆ ಮಗುವಿಗೆ ಜಾಮೀನೇ ನಿಯಮ. ಕೇಸು ಜಾಮೀನು ಸಿಗುವಂಥದ್ದೋ ಅಲ್ಲವೋ ಅನ್ನುವ ಲೆಕ್ಕವೇ ಇಲ್ಲಿ ಇಲ್ಲ. ಹೊರಗೆ ಬಿಟ್ಟರೆ ಕೆಟ್ಟವರ ಕೈಗೆ ಸಿಗುತ್ತಾನೆ, ಅವನಿಗೇ ಅಪಾಯ, ಇಲ್ಲವೇ ನ್ಯಾಯದ ಉದ್ದೇಶವೇ ಹಾಳಾಗುತ್ತದೆ ಅನ್ನುವುದಕ್ಕೆ ಆಧಾರ ಇದ್ದರೆ ಮಾತ್ರ ಬೇಡ ಅನ್ನಬಹುದು, ಅದನ್ನೂ ಕಾರಣ ಬರೆದೇ ಹೇಳಬೇಕು. ಜಾಮೀನುದಾರರು ಇಲ್ಲದೆಯೂ ಬಿಡಬಹುದು, ಪರಿವೀಕ್ಷಣಾಧಿಕಾರಿಯ ಕಣ್ಗಾವಲಿನಲ್ಲೂ ಬಿಡಬಹುದು.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ, ಇದನ್ನು ಯಾರೂ ನಿಮ್ಮಂಥವರಿಗೆ ಹೇಳುವುದೇ ಇಲ್ಲ. ಜಾಮೀನು ಆದೇಶವಾಗಿ 7 ದಿನದಲ್ಲಿ ಷರತ್ತು ಪೂರೈಸಲು ಮಗುವಿಗೆ ಆಗದಿದ್ದರೆ, ಷರತ್ತು ಬದಲಾಯಿಸುವುದಕ್ಕೆ ಅವನನ್ನು ಮತ್ತೆ ಮಂಡಳಿಯ ಮುಂದೆ ತರಲೇಬೇಕು. 12ನೇ ಸೆಕ್ಷನ್ನಿನ 4ನೇ ಉಪವಿಭಾಗ. ಇದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ವಕೀಲರಿಗೆ ದುಡ್ಡು ಬೇಡ. ಮಕ್ಕಳಿಗೆ ಉಚಿತ ಕಾನೂನು ನೆರವು ಹಕ್ಕು, ಆದಾಯ ಪತ್ರವೂ ಕೇಳುವ ಹಾಗಿಲ್ಲ. ಮಡಿಕೇರಿಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಷ್ಟು ದೂರ ಬರಲಾಗದಿದ್ದರೆ 15100ಕ್ಕೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ 1098 ಕೂಡ ಇದೆ.

ಹುಟ್ಟಿದ ದಿನದ ಕಾಗದದ ವಿಷಯ ತುಂಬಾ ಜರೂರು, ನಾಳೆಗೆ ಇಡಬೇಡಿ. ವಯಸ್ಸಿಗೆ ಮೊದಲು ನೋಡುವುದು ಶಾಲೆಯ ದಾಖಲೆ, ಆಮೇಲೆ ಪಂಚಾಯಿತಿ ಅಥವಾ ಪಟ್ಟಣದ ಜನನ ಪ್ರಮಾಣ ಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಹುಡುಗ ಒಂದನೇ ಕ್ಲಾಸಿಗೆ ಸೇರಿದ ಶಾಲೆ ಯಾವುದು ಅಂತ ನೆನಪು ಮಾಡಿಕೊಳ್ಳಿ, ಅಲ್ಲಿನ ಹೆಡ್ ಮಾಸ್ಟರ ಹತ್ತಿರ ದಾಖಲಾತಿ ಪುಸ್ತಕದ ಪ್ರಕಾರ ಪತ್ರ ಬರೆಸಿಕೊಳ್ಳಿ. ಲೈನ್ ಮನೆಯ ಮಕ್ಕಳ ವಯಸ್ಸನ್ನು ಮೀಸೆ ನೋಡಿ ಅಂದಾಜು ಮಾಡಿ 19 ಅಂತ ಬರೆದುಬಿಟ್ಟರೆ ಅವನು ಸೀದಾ ದೊಡ್ಡವರ ಜೈಲಿಗೆ. ಘಟನೆ ನಡೆದ ದಿನ 18 ತುಂಬಿರಲಿಲ್ಲ ಅಂತ ಯಾವ ಹಂತದಲ್ಲೂ ಹೇಳಬಹುದು, ಕೇಸು ಮುಗಿದ ಮೇಲೂ ಹೇಳಬಹುದು. ಆದರೆ ಅಷ್ಟರಲ್ಲಿ ಹುಡುಗ ಅಲ್ಲಿ ಕಳೆದ ದಿನಗಳನ್ನು ಯಾರೂ ವಾಪಸ್ ಕೊಡುವುದಿಲ್ಲ. ಅವನಿಗೆ ಕನ್ನಡ ಸರಿಯಾಗಿ ಬರದಿದ್ದರೆ ಭಾಷೆ ಬಲ್ಲವರನ್ನು ಕೊಡಿ ಅಂತಲೂ ಕೇಳಿ. ಅದು ಮಂಡಳಿಯ ಜವಾಬ್ದಾರಿ.

ನೋಡಲು ಹೋಗಿ. ಬಸ್ಸಿಗೆ ಒಂದು ದಿನದ ಕೂಲಿ ಹೋಗುತ್ತದೆ ಅಂತ ಗೊತ್ತು. ಹೋದಾಗ ‘ಯಾಕೆ ಮಾಡಿದೆ’ ಅಂತ ಶುರು ಮಾಡಬೇಡಿ, ಅದನ್ನು ಅವನಿಗೆ ಎಲ್ಲರೂ ಕೇಳಿಯಾಗಿದೆ. ಊಟ ಸೇರುತ್ತದಾ, ನಿದ್ದೆ ಬರುತ್ತದಾ, ಯಾರಾದರೂ ಹೊಡೆದರಾ ಅಂತ ಕೇಳಿ. ಮನೆಯ ನಾಯಿ, ಕೋಳಿ, ತಂಗಿ ವಿಷಯ ಹೇಳಿ. ಅಪ್ಪ ಸತ್ತ ಮೇಲೆ ಆ ಹುಡುಗ ಯಾರ ಹತ್ತಿರವೂ ಅತ್ತಿರಲಿಕ್ಕಿಲ್ಲ. ಕೌನ್ಸೆಲರ್ ಇದ್ದರೆ ಈ ಸಾವಿನ ವಿಷಯ ಅವರಿಗೆ ನೀವೇ ತಿಳಿಸಿ.

ಪ್ರಶ್ನೆ: ನನ್ನ ಮಗನಿಗೆ 16. ಗೋಣಿಕೊಪ್ಪಕ್ಕೆ ಟ್ಯೂಷನ್ನಿಗೆ ಬೈಕಿನಲ್ಲಿ ಹೋಗುತ್ತಾನೆ. ಏನಾದರೂ ಆದರೆ ಅವನನ್ನೂ ಈ ಹೋಮಿಗೆ ಹಾಕುತ್ತಾರಾ?

ಉತ್ತರ: ಮೊದಲು ನಿಮ್ಮನ್ನು ಹಿಡಿಯುತ್ತಾರೆ. 2019ರ ಮೋಟಾರು ವಾಹನ ತಿದ್ದುಪಡಿ ಪ್ರಕಾರ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಕೀ ತೆಗೆದು ಒಳಗಿಡಿ.

ಪ್ರಶ್ನೆ: ನಾನು ಹೈಸ್ಕೂಲ್ ಮುಖ್ಯ ಶಿಕ್ಷಕಿ. ಆರು ತಿಂಗಳು ಹೊರಗಿದ್ದ ಹುಡುಗ ಎಸ್‌ಎಸ್‌ಎಲ್‌ಸಿ ಓದಲು ವಾಪಸ್ ಬಂದಿದ್ದಾನೆ. ಅವನು ಎಲ್ಲಿದ್ದ ಅಂತ ಊರಿಗೆಲ್ಲ ಗೊತ್ತು. ಪೋಷಕರು ‘ಅವನಿದ್ದರೆ ನಮ್ಮ ಮಕ್ಕಳನ್ನು ಬಿಡಿಸುತ್ತೇವೆ’ ಅನ್ನುತ್ತಿದ್ದಾರೆ. ಟಿಸಿ ಕೊಟ್ಟು ಬೇರೆ ಕಡೆ ಕಳಿಸುವುದು ಅವನಿಗೂ ಒಳ್ಳೆಯದಲ್ಲವೇ?

ಉತ್ತರ: ಇಲ್ಲ, ಟೀಚರೇ. ಅದು ಶಾಲೆಗೆ ಒಳ್ಳೆಯದು, ಅವನಿಗಲ್ಲ. ಒಂದು ಸಲ ಶಾಲೆ ಬಿಟ್ಟು ಈ ಸ್ಥಿತಿಗೆ ಬಂದ ಹುಡುಗ ತಾನಾಗಿ ಬೆಂಚಿಗೆ ಬಂದು ಕೂತಿದ್ದಾನೆ ಅಂದರೆ ಅದು ಸಣ್ಣ ವಿಷಯವಲ್ಲ.

ಕಾನೂನು ನಿಮ್ಮ ಜೊತೆಗಿದೆ. ಬಾಲ ನ್ಯಾಯ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಕೇಸಿನ ಕಾರಣಕ್ಕೆ ಮಗುವಿಗೆ ಮುಂದೆ ಯಾವ ಅನರ್ಹತೆಯೂ ಬರಬಾರದು, ಮೇಲ್ಮನವಿಯ ಅವಧಿ ಮುಗಿದ ಮೇಲೆ ದಾಖಲೆಗಳನ್ನೇ ನಾಶ ಮಾಡಬೇಕು. 16 ದಾಟಿದವರನ್ನು ಘೋರ ಅಪರಾಧಕ್ಕೆ ವಯಸ್ಕರಂತೆ ವಿಚಾರಣೆ ಮಾಡಿದ್ದರೆ ಮಾತ್ರ ಬೇರೆ. ಕೇಸು ಮುಗಿದಿದ್ದರೆ ಪೊಲೀಸರು ನಡತೆ ಪ್ರಮಾಣ ಪತ್ರಕ್ಕೂ ಈ ವಿಷಯ ಹೇಳುವ ಹಾಗಿಲ್ಲ. ಹೆಸರು, ವಿಳಾಸ, ಶಾಲೆ, ಫೋಟೋ ಯಾವುದನ್ನೂ ಪ್ರಕಟಿಸಬಾರದು ಅನ್ನುವುದು 74ನೇ ಸೆಕ್ಷನ್, ಮೀರಿದರೆ 6 ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಅವನ ಫೋಟೋ ಓಡಾಡುತ್ತಿದ್ದರೆ ಪೋಷಕರ ಸಭೆಯಲ್ಲಿ ಇದನ್ನು ಗಟ್ಟಿಯಾಗಿ ಓದಿ. ಸದ್ದು ಅಡಗುತ್ತದೆ.

ಆದರೆ ಅಷ್ಟಕ್ಕೇ ಹುಡುಗ ನಿಲ್ಲುವುದಿಲ್ಲ. ಆರು ತಿಂಗಳ ಪಾಠ ಹೋಗಿದೆ. ಗಣಿತ, ಇಂಗ್ಲಿಷಿನಲ್ಲಿ ಅವನು ಎಂಟನೇ ಕ್ಲಾಸಿನಲ್ಲೇ ನಿಂತಿರಬಹುದು, ಅದನ್ನು ಮೊದಲು ಸುಮ್ನೆ ಮಾತಾಡಿಸುತ್ತಾ ಪತ್ತೆ ಮಾಡಿ. ಪೆನ್ನು ಕಳೆದರೆ, ಯಾರದೋ ದುಡ್ಡು ಹೋದರೆ ಎಲ್ಲರ ಕಣ್ಣು ಅವನ ಕಡೆ ತಿರುಗುತ್ತದೆ. ಆಗ ಮೊದಲು ಅವನ ಬ್ಯಾಗು ತೆಗೆಯುವುದಿಲ್ಲ ಅಂತ ಸ್ಟಾಫ್ ರೂಮಿನಲ್ಲಿ ಈಗಲೇ ತೀರ್ಮಾನ ಮಾಡಿ. ಪಿಟಿ ಮಾಸ್ಟರೋ, ಬಿಸಿಯೂಟದ ಅಕ್ಕನೋ, ಅವನು ಯಾರ ಹತ್ತಿರ ಸಲೀಸಾಗಿ ಮಾತಾಡುತ್ತಾನೆ ನೋಡಿ, ಅವರೇ ಅವನ ಉಸ್ತುವಾರಿ ಆಗಲಿ. ಹಾಕಿ ಆಡುತ್ತಾನಾ? ನಮ್ಮ ಜಿಲ್ಲೆಯಲ್ಲಿ ಅದನ್ನೂ ಕೇಳಬೇಕಾ ಅನ್ನಬೇಡಿ, ಲೈನ್ ಮನೆಯ ಎಷ್ಟೋ ಹುಡುಗರ ಕೈಗೆ ಇನ್ನೂ ಯಾರೂ ಸ್ಟಿಕ್ ಕೊಟ್ಟಿಲ್ಲ.

ಪ್ರಶ್ನೆ: ನೀವೆಲ್ಲಾ ಇವರನ್ನು ಮುದ್ದು ಮಾಡಿ ಹಾಳು ಮಾಡುತ್ತಿದ್ದೀರಿ. ಅತ್ಯಾಚಾರ, ಕೊಲೆ ಮಾಡಿದವನೂ ‘ಪಾಪ, ಹುಡುಗ’ನಾ? ಕಳ್ಳನಿಗೆ ಹಿನ್ನೆಲೆ ಇದ್ದರೆ ಕಳ್ಳತನ ಸರಿಯಾಗುತ್ತದಾ?
(ಕುಶಾಲನಗರ)

ಉತ್ತರ: ಸರಿಯಾಗುವುದಿಲ್ಲ. ನಾನು ಹಾಗೆ ಹೇಳಿಯೂ ಇಲ್ಲ. 2012ರ ದೆಹಲಿ ಪ್ರಕರಣದಲ್ಲಿ 17 ವರ್ಷದವನೊಬ್ಬನಿಗೆ 3 ವರ್ಷ ಮಾತ್ರ ಆಯಿತು ಅನ್ನುವ ಸಿಟ್ಟಿನಲ್ಲೇ 2015ರ ಕಾಯ್ದೆ ಬಂತು, 2016ರ ಜನವರಿಯಲ್ಲಿ ಜಾರಿಯಾಯಿತು. ಈಗ 16ರಿಂದ 18ರ ನಡುವಿನವರು ಘೋರ ಅಪರಾಧ ಮಾಡಿದರೆ ಮಂಡಳಿ ಅವರ ತಿಳಿವಳಿಕೆ, ಸಂದರ್ಭ ನೋಡಿ ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು, ವಯಸ್ಕರಂತೆ ವಿಚಾರಣೆಯೂ ಆಗಬಹುದು. ಗಲ್ಲು ಇಲ್ಲ, ಬಿಡುಗಡೆಯೇ ಇಲ್ಲದ ಜೀವಾವಧಿ ಇಲ್ಲ. ಅಂದರೆ ನೀವು ಕೇಳುವ ಕಟ್ಟುನಿಟ್ಟು ಕಾನೂನಿನಲ್ಲಿ ಆಗಲೇ ಇದೆ. ನನ್ನ ತಕರಾರು ಅದಲ್ಲ. ಕೊಲೆಯ ಕೇಸು ಮನಸ್ಸಿನಲ್ಲಿ ಇಟ್ಟುಕೊಂಡು ಮೆಣಸು ಕದ್ದವನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತೇವೆ ನೋಡಿ, ಅದು. 3 ವರ್ಷದವರೆಗೆ ಶಿಕ್ಷೆ ಇರುವ ಸಣ್ಣ ಕೇಸಿನ ವಿಚಾರಣೆ 4 ತಿಂಗಳಲ್ಲಿ ಮುಗಿಯಬೇಕು, ಇನ್ನೂ 2 ತಿಂಗಳು ಜಾಸ್ತಿ ಕೊಡಬಹುದು, ಆಗಲೂ ಮುಗಿಯದಿದ್ದರೆ ಕೇಸೇ ಬಿದ್ದುಹೋಗುತ್ತದೆ. ಅಂಥ ಕೇಸಿಗೆ ಬುದ್ಧಿ ಹೇಳಿ ಮನೆಗೆ ಕಳಿಸುವುದು, ಸಮುದಾಯ ಸೇವೆ, ಒಳ್ಳೆಯ ನಡತೆಯ ಮೇಲೆ ಬಿಡುವುದು ಎಲ್ಲಾ ಇದೆ. ಒಳಗೆ ಇಡುವುದು ಕೊನೆಯ ದಾರಿ ಅಂತ ಕಾಯ್ದೆಯೇ ಹೇಳುತ್ತದೆ.

ಪ್ರಶ್ನೆ: ನನ್ನ ಅಣ್ಣನಿಗೆ 17. ಕ್ಲಾಸ್‌ಮೇಟ್ ಹುಡುಗಿಯ ಜೊತೆ ಹೋದ. ಎರಡೇ ದಿನ. ಅವಳ ಮನೆಯವರು ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸು) ಹಾಕಿಸಿದರು. ಅವಳು ‘ನಾನೇ ಹೋದದ್ದು’ ಅಂತ ಹೇಳಿದರೂ ಯಾರೂ ಕೇಳುತ್ತಿಲ್ಲ.
(ವಿರಾಜಪೇಟೆ)

ಉತ್ತರ: ಮಗೂ, 2012ರ ಪೋಕ್ಸೋ ಕಾಯ್ದೆಯಲ್ಲಿ 18ರ ಒಳಗಿನವರ ಒಪ್ಪಿಗೆಗೆ ಬೆಲೆ ಇಲ್ಲ. ಹಾಗಾಗಿ ಅವಳು ಹೇಳಿದ ಮಾತಿನಿಂದ ಕೇಸು ತಾನಾಗಿ ಹೋಗುವುದಿಲ್ಲ. ಇಂಥ ಕೇಸುಗಳು ಜಾಸ್ತಿಯಾಗಿರುವುದನ್ನು ನೋಡಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ ಒಪ್ಪಿಗೆಯ ವಯಸ್ಸಿನ ಬಗ್ಗೆ ಮತ್ತೆ ಯೋಚಿಸಿ ಅಂತ ಕಾನೂನು ಆಯೋಗಕ್ಕೆ ಹೇಳಿತ್ತು. 2023ರ ವರದಿಯಲ್ಲಿ ಆಯೋಗ ವಯಸ್ಸು ಇಳಿಸುವುದು ಬೇಡ, ಆದರೆ 16ರಿಂದ 18ರವರ ಇಂಥ ಪ್ರಕರಣದಲ್ಲಿ ನ್ಯಾಯಾಧೀಶರಿಗೆ ವಿವೇಚನೆ ಇರಲಿ ಅಂದಿತು. ಅದು ಸಲಹೆ ಮಾತ್ರ. ಅಣ್ಣನ ಕೇಸು ಬಾಲ ನ್ಯಾಯ ಮಂಡಳಿಯಲ್ಲೇ ಶುರುವಾಗುತ್ತದೆ, ಜಾಮೀನಿನ ಮಾತು ಮೇಲೆ ಹೇಳಿದ್ದೇ. ಅಪ್ಪ ಅಮ್ಮ ಮರ್ಯಾದೆ ಹೋಯಿತು ಅಂತ ಅವನನ್ನು ನೋಡಲು ಹೋಗದೆ ಕೂತಿದ್ದಾರೆ ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೀಯ. ಅದನ್ನು ಮೊದಲು ಸರಿಮಾಡಬೇಕು. ಅಪ್ಪನಿಗೆ ನೀನು ಹೇಳಿದರೆ ಬೈಯುತ್ತಾರೆ ಅಂದರೆ ಮಾವನೋ, ಒಕ್ಕದ (ಮನೆತನದ) ಹಿರಿಯರೋ ಯಾರನ್ನಾದರೂ ಕರೆದುಕೊಂಡು ಹೋಗಿ ಹೇಳಿಸು. ಮಂಡಳಿಯ ಮುಂದೆ ಪೋಷಕರು ಇಲ್ಲದ ಹುಡುಗನನ್ನು ಯಾರ ಕೈಗೆ ಒಪ್ಪಿಸುತ್ತಾರೆ ಹೇಳು?

ಪ್ರಶ್ನೆ: ನಮ್ಮ ಕ್ಲಬ್ಬಿನವರು ಈ ಸಲ ವೀಕ್ಷಣಾಲಯದ ಮಕ್ಕಳಿಗೆ ಸಿಹಿ, ಸ್ವೆಟರ್ ಹಂಚಿ ಹುಟ್ಟುಹಬ್ಬ ಆಚರಿಸಬೇಕು ಅಂತಿದ್ದೇವೆ. ಅನುಮತಿ ಹೇಗೆ? ಇನ್ನೇನು ಕೊಡಬಹುದು?

ಉತ್ತರ: ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಿ, ಸೂಪರಿಂಟೆಂಡೆಂಟ್ ಹೇಳಿದ ದಿನ ಹೋಗಿ. ಫೋಟೋ ಬೇಡ. ಫೇಸ್‌ಬುಕ್ಕಿಗೆ ಹಾಕಲೇಬೇಕು ಅಂದರೆ ಹೋಗುವುದೇ ಬೇಡ.

ಸ್ವೆಟರ್ ಕೊಡಿ, ನಮ್ಮ ಕಡೆಯ ಚಳಿ ಗೊತ್ತಲ್ಲ. ಆದರೆ ಕ್ಲಬ್ಬಿನಲ್ಲಿ ಡೆಂಟಿಸ್ಟ್ ಇದ್ದಾರೆ, ಕಣ್ಣಿನ ಡಾಕ್ಟರಿದ್ದಾರೆ, ಗ್ಯಾರೇಜ್ ಇಟ್ಟವರಿದ್ದಾರೆ, ಹೋಮ್‌ಸ್ಟೇ ನಡೆಸುವವರಿದ್ದಾರೆ ಅಂತ ಬರೆದಿದ್ದೀರಿ. ಅಲ್ಲಿನ ಮಕ್ಕಳಲ್ಲಿ ಹಲ್ಲುನೋವು ನುಂಗಿಕೊಂಡು ಕೂತವರು, ಬೋರ್ಡು ಕಾಣದೆ ಶಾಲೆ ಬಿಟ್ಟವರು ಇರುತ್ತಾರೆ. ತಿಂಗಳಿಗೊಮ್ಮೆ ಅದೇ ಡಾಕ್ಟರು ಹೋಗಲಿ. ಪ್ರತಿ ವಾರ ಅದೇ ಒಬ್ಬರು ಹೋಗಿ ಓದಲು ಕಲಿಸಲಿ, ಮುಖ ಬದಲಾಗುತ್ತಿದ್ದರೆ ಮಕ್ಕಳು ಬಾಯಿ ಬಿಡುವುದಿಲ್ಲ. ಬಿಡುಗಡೆಯಾದ ಹುಡುಗನನ್ನು ಗ್ಯಾರೇಜಿಗೆ ಸೇರಿಸಿಕೊಳ್ಳಲು ತಯಾರಿದ್ದರೆ ಅದನ್ನು ಬರೆದು ಪರಿವೀಕ್ಷಣಾಧಿಕಾರಿಗೆ ಕೊಡಿ. ಸಂಬಳ ಸರಿಯಾಗಿ ಕೊಡಿ, 18ರ ಒಳಗಿನವರಿಂದ ಅಪಾಯದ ಕೆಲಸ ಮಾಡಿಸಬೇಡಿ. ಸಂಸ್ಥೆಯಲ್ಲಿದ್ದು 18 ತುಂಬಿ ಹೊರಬಂದವರಿಗೆ 21ರವರೆಗೆ ಅನುಪಾಲನಾ ನೆರವು, ಅಂದರೆ ಹೊರಬಂದ ಮೇಲಿನ ಆಸರೆ, ಸಿಗಬಹುದು, ಅರ್ಜಿ ತುಂಬಲು ಸಹಾಯ ಮಾಡಿ.

ಇನ್ನೊಂದು ಸಣ್ಣ ಖರ್ಚು ಹೇಳುತ್ತೇನೆ. ಪೊನ್ನಂಪೇಟೆಯ ಆ ಅಮ್ಮನ ಪತ್ರ ಮೇಲೆ ಓದಿದಿರಲ್ಲ. ನೋಡಲು ಬರುವ ಮನೆಯವರ ಬಸ್ ಚಾರ್ಜು, ಮಧ್ಯಾಹ್ನದ ಊಟ ಕ್ಲಬ್ಬು ಕೊಡಲಿ. ಒಪ್ಪಿಗೆ ಇದ್ದರೆ ಸಂಪಾದಕರ ವಿಳಾಸಕ್ಕೆ ಬರೆಯಿರಿ, ಆ ಅಮ್ಮನಿಗೆ ನಾನು ತಲುಪಿಸುತ್ತೇನೆ.